ಎರಡು ಒಲೆಗಳ ನಡುವೆ ಗಂಗೂ

ನನ್ನ ನಾದಿನಿ ಗಂಗೂ ಹೋದ ವರ್ಷ ವೈಶಾಖದಲ್ಲಿ ಮದುವೆಯಾಗಿ ಗಜೇಂದ್ರಗಡಕ್ಕೆ ಹೋದಳು. ಅಂದಿನಿಂದ ತಿಂಗಳಿಗೊಂದು ಕಾರ್ಡು ತಪ್ಪದೆ ಬರುತ್ತದೆ. ಅಕ್ಷರ ಮುತ್ತಿನಂಥವು, ಸಾಲು ಎಳ್ಳಷ್ಟೂ ವಾರೆಯಾಗಿರುವುದಿಲ್ಲ. ಮೊದಲ ಸಾಲು ಯಾವಾಗಲೂ ಒಂದೇ: "ವೈನಿ, ನಾನು ಎರಡೂ ಹೊತ್ತು ಉಣ್ಣುತ್ತೇನೆ." ಅತ್ತೆ ಮಾವ, ಗಂಡ, ಊರಿನ ಮಳೆಬೆಳೆ ಎಲ್ಲ ಆಮೇಲೆ. ನನ್ನ ಯಜಮಾನರು ಅದನ್ನು ಓದಿ, "ಇದೇನ ಪತ್ರಾ ಬರಿಯೋ ರೀತಿ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಸಾಲನ್ನು ಎರಡು ಸಲ ಓದುತ್ತೇನೆ, ಎಲ್ಲಾದರೂ ಕೈ ನಡುಗಿದೆಯೇ ಎಂದು ನೋಡುತ್ತೇನೆ, ಕಾರ್ಡನ್ನು ಗೂಡಿನಲ್ಲಿ ಸಿಕ್ಕಿಸಿ ಮತ್ತೆ ಒಲೆಯ ಮುಂದೆ ಕೂಡುತ್ತೇನೆ. ಗಂಗೂ ಸುಳ್ಳು ಹೇಳಿದರೂ ನೆಟ್ಟಗಿನ ಅಕ್ಷರದಲ್ಲೇ ಹೇಳುವವಳು. ಅದನ್ನು ಕಲಿಯಲು ನನಗೆ ಒಂದು ಇಡೀ ಚಾತುರ್ಮಾಸ ಬೇಕಾಯಿತು.

ನಾನು ರೋಣದಿಂದ ನರಗುಂದದ ಈ ಮನೆಗೆ ಸೊಸೆಯಾಗಿ ಬಂದದ್ದು ಐವತ್ತೊಂದರಲ್ಲಿ. ಮಾವನವರು ಅನಂತರಾಯರು, ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದು ಪೆನ್ಶನ್ ಪಡೆದವರು. ಯಜಮಾನರು ದತ್ತಾತ್ರೇಯ ಎಂದು, ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತರು. (ಗಂಡನ ಹೆಸರನ್ನು ಬಾಯಿಂದ ಹೇಳಬಾರದು, ಬರೆದರೆ ದೋಷವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.) ಅತ್ತೆಯವರಿದ್ದರು, ಒಳ್ಳೆಯ ಜೀವ. ಯಾರ ಮುಖ ಕಂಡರೂ ಮೊದಲು ಕೇಳುತ್ತಿದ್ದುದು "ಉಂಡೇನು?" ಎಂದು. ಮಾವನವರ ಅಕ್ಕ ಕಾಶಿಬಾಯಿ ಹದಿನಾರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಲೆ ತೆಗೆಸಿ, ಕೆಂಪು ಸೀರೆ ಉಟ್ಟು ತವರಿಗೆ ಬಂದವರು. ಅವರನ್ನು ಮನೆಮಂದಿಯೆಲ್ಲ ಕಾಶಕ್ಕ ಎನ್ನುತ್ತಿದ್ದರು. ಅವರದು ಹಿತ್ತಿಲ ಖೋಲಿಯಲ್ಲಿ ಬೇರೆ ಮಡಿ ಒಲೆ, ಬೇರೆ ಪಾತ್ರೆ, ದಿನಕ್ಕೆ ಒಂದೇ ಊಟ. ಉಳಿದವರ ಅಡುಗೆ ನಡುಮನೆಯ ಪಕ್ಕದ ದೊಡ್ಡ ಒಲೆಯ ಮೇಲೆ, ಅಂದರೆ ನನ್ನ ತಲೆಯ ಮೇಲೆ. ಹೀಗೆ ಒಂದೇ ಮನೆಯಲ್ಲಿ ಎರಡು ಒಲೆ. ಈ ಮಾತನ್ನು ನೆನಪಿನಲ್ಲಿಡಬೇಕು, ಏಕೆಂದರೆ ಗಂಗೂ ಜಾರಿ ಹೋಗಿದ್ದು ಈ ಎರಡರ ನಡುವಿನಲ್ಲೇ.

ನಾನು ಬಂದಾಗ ಅವಳಿಗೆ ಹದಿಮೂರು. ಅಂಥ ಅಚ್ಚುಕಟ್ಟಿನ ಹುಡುಗಿಯನ್ನು ನಾನು ಕಂಡಿರಲಿಲ್ಲ, ಖರೆ ಹೇಳಬೇಕೆಂದರೆ ಕಾಣುವ ಆಸೆಯೂ ಇರಲಿಲ್ಲ. ಒಗೆದ ಸೀರೆಯ ನಾಲ್ಕೂ ಮೂಲೆ ಕೂಡದಿದ್ದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಅಂಗಳದ ರಂಗೋಲಿಯಲ್ಲಿ ಒಂದು ಚುಕ್ಕೆ ಅತ್ತಿತ್ತ ಬಿದ್ದರೆ ಇಡೀ ರಂಗೋಲಿ ಅಳಿಸುತ್ತಿದ್ದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ತಾಲೂಕಿಗೇ ಮೊದಲು ಬಂದು, ಕಳೆದುಹೋದ ನಾಲ್ಕು ಮಾರ್ಕಿಗಾಗಿ ಎರಡು ದಿನ ಅತ್ತಿದ್ದಳು. ಯಾರಾದರೂ ಬೈದರೆ ಎದುರು ಮಾತಿಲ್ಲ, ಮುಖವೂ ಸಣ್ಣದಾಗುತ್ತಿರಲಿಲ್ಲ; ಆದರೆ ಆ ಬೈಗುಳವನ್ನು ಒಳಗೆ ಒಯ್ದು ಎಲ್ಲೋ ಮಡಿಸಿ ಇಟ್ಟುಕೊಳ್ಳುತ್ತಿದ್ದಳು. ನನ್ನಂಥವಳಾದರೆ ಪಾತ್ರೆ ಕುಕ್ಕಿ, ನಾಲ್ಕು ಮಾತು ಗೊಣಗಿ, ಹೊಟ್ಟೆ ತುಂಬ ಉಂಡು ಮಲಗುತ್ತೇನೆ. ಗಂಗೂಗೆ ಆ ಪುಣ್ಯವಿರಲಿಲ್ಲ.

ಐವತ್ತೈದರ ಜ್ಯೇಷ್ಠದಲ್ಲಿ ಅತ್ತೆ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಮರುವರ್ಷ ಅವರ ಮೊದಲ ಶ್ರಾದ್ಧ. ಶ್ರಾದ್ಧದ ಅಡುಗೆಯೆಂದರೆ ಬೆಳಗಿನ ಜಾವ ಎದ್ದು, ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತರೆ ಮಧ್ಯಾಹ್ನ ಎರಡರವರೆಗೆ ಬಾಯಿಗೆ ಹನಿ ನೀರಿಲ್ಲ. ಬ್ರಾಹ್ಮಣರ ಊಟವಾಗಬೇಕು, ಮಾಳಿಗೆಯ ಮೇಲೆ ಕಾಗೆಗೆಂದು ಪಿಂಡ ಇಡಬೇಕು, ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡರೆಂದು ಅರ್ಥ. ಆಮೇಲೆ ಮನೆಯವರ ಎಲೆ. ಅಲ್ಲಿಯವರೆಗೆ ಅಡುಗೆಯ ರುಚಿ ನೋಡುವುದಿರಲಿ, ಬಾಯಲ್ಲಿ ನೀರೂರಿದರೂ ಮೈಲಿಗೆ.

ಆ ದಿನ ಪಿಂಡ ಇಟ್ಟರು. ಕಾಗೆ ಬರಲಿಲ್ಲ. ಪಕ್ಕದ ಮನೆಯ ಬೇವಿನ ಮರದಲ್ಲಿ ನಾಲ್ಕೈದು ಕೂತಿದ್ದವು, ಕೂಗುತ್ತಿದ್ದವು, ನಮ್ಮ ಮಾಳಿಗೆಯ ಕಡೆ ಹಾರಲಿಲ್ಲ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಮಾವನವರು ಬಿಸಿಲಲ್ಲಿ ನಿಂತು ಹೆಂಡತಿಯ ಹೆಸರು ಹಿಡಿದು, "ಏನ ಬೇಕಾಗಿತ್ತು ನಿನಗ? ಗಂಗೂನ ಲಗ್ನ ಚಲೋ ಮನಿತನಕ್ಕ ಮಾಡ್ತೀನಿ, ಬಾ" ಎಂದು ಕೈಮುಗಿದರು. ಬರಲಿಲ್ಲ. ಕೆಳಗೆ ಬಂದವರ ಮುಖ ನೋಡಲಾಗುತ್ತಿರಲಿಲ್ಲ. ನೇರ ಅಡುಗೆಮನೆಯ ಬಾಗಿಲಿಗೆ ಬಂದು, "ಯಾರರೆ ಬಾಯಾಗ ಏನರೆ ಹಾಕ್ಕೊಂಡೀರೇನು? ಖರೇ ಹೇಳ್ರಿ" ಎಂದರು.

"ಇಲ್ರಿ" ಎಂದೆ ನಾನು. ಗಂಗೂ ತಲೆ ತಗ್ಗಿಸಿ ಎಲೆ ಒರೆಸುತ್ತ ಇದ್ದಳು.

ಮೂರು ಗಂಟೆಗೆ ಎಲ್ಲಿಂದಲೋ ಒಂದು ಕುಂಟು ಕಾಗೆ ಬಂದು ಎರಡು ಅಗುಳು ಕುಕ್ಕಿ ಹೋಯಿತು. ಎಲ್ಲರೂ ಉಂಡೆವು. ಗಂಗೂ ತಲೆನೋವೆಂದು ಮಲಗಿದಳು. ಸಂಜೆಗೆ ನಾನು ಅದನ್ನೆಲ್ಲ ಮರೆತೆ. ಎಂಟು ತಿಂಗಳ ಕೂಸು, ರಾಶಿ ಪಾತ್ರೆ, ಅದರ ನಡುವೆ ಕಾಗೆಯ ಚಿಂತೆ ಯಾರು ಮಾಡುತ್ತಾರೆ?

ಮುಂದಿನ ತಿಂಗಳು ಚಾತುರ್ಮಾಸ ಬಂತು. ನಮ್ಮಲ್ಲಿ ಈ ನಾಲ್ಕು ತಿಂಗಳು ಒಂದೊಂದು ತಿಂಗಳು ಒಂದೊಂದನ್ನು ಬಿಡುವ ವ್ರತವಿದೆ. ಮೊದಲ ತಿಂಗಳು ಕಾಯಿಪಲ್ಯ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಒಂದನ್ನು ಬಿಡುವಾಗ ಹಿಂದಿನದನ್ನು ಮರಳಿ ತೆಗೆದುಕೊಳ್ಳಬೇಕು. ಶಾಸ್ತ್ರ ಮಾಡಿದವರಿಗೂ ಹೊಟ್ಟೆ ಇತ್ತಲ್ಲ! ಕಾಶಕ್ಕ ನಲವತ್ತು ವರ್ಷದಿಂದ ಇದನ್ನು ನಡೆಸಿದವರು. ಆ ವರ್ಷ ಗಂಗೂ ತಾನೂ ಹಿಡಿಯುತ್ತೇನೆ ಎಂದಳು. ಮಾವನವರ ಕಣ್ಣಲ್ಲಿ ನೀರು ಬಂತು. "ಅವ್ವನ ಸಲುವಾಗಿ ಹಿಡದಾಳ ನೋಡ್ರಿ" ಎಂದು ಗುಡಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದರು.

ಹೇಳಿದ್ದೇ ತಡ, ಸುದ್ದಿ ಊರೆಲ್ಲ ಹಬ್ಬಿತು. ಬೆಟ್ಟದ ಬುಡದ ಓಣಿಯ ಹೆಂಗಸರು ಕುಂಕುಮಕ್ಕೆ ಬಂದಾಗ ಗಂಗೂಳನ್ನು ಕರೆದು ಮಣೆ ಹಾಕಿ ಕೂಡಿಸುತ್ತಿದ್ದರು. ಹದಿನೆಂಟು ವರ್ಷದ ಹುಡುಗಿಯ ಕಾಲಿಗೆ ಐವತ್ತು ವರ್ಷದವರು ಅರಿಷಿಣ ಹಚ್ಚಿದರು. "ನಮ್ಮನ್ಯಾಗಿನ ಹುಡಿಗ್ಯಾರು ಮೂರ ಹೊತ್ತು ತಿಂತಾವ" ಎಂದು ತಮ್ಮ ಮಕ್ಕಳನ್ನು ಬೈದರು. ನನಗೆ ಸಿಟ್ಟು ಬರುತ್ತಿತ್ತು. ಗಂಗೂ ಮೇಲಲ್ಲ, ಬಂದವರೆಲ್ಲರಿಗೂ ಅವಲಕ್ಕಿ, ಪಾನಕ ಮಾಡಿಕೊಡುವ ಕೆಲಸ ನನ್ನದಾಗಿತ್ತಲ್ಲ, ಅದರ ಮೇಲೆ. ಗಜೇಂದ್ರಗಡದ ಒಂದು ಮನೆತನದವರು ಹೆಣ್ಣು ಕೇಳಲು ಬಂದು, "ನಾಲ್ಕೂ ವ್ರತಾ ಹಿಡದ ಹುಡುಗಿ ಈ ಕಾಲದಾಗ ಎಲ್ಲಿ ಸಿಗ್ತಾಳ್ರಿ" ಎಂದು ಹೋದರು.

ವ್ರತ ಹಿಡಿದ ಮೇಲೆ ಅವಳ ಊಟ ಕಾಶಕ್ಕನ ಮಡಿ ಒಲೆಯ ಮೇಲಿನದು ಎಂದು ನಾನು ತಿಳಿದೆ. ಕೇಳಿದರೆ, "ಕಾಶಕ್ಕನ ಜೋಡಿ ಉಂಡೆ ವೈನಿ" ಎನ್ನುತ್ತಿದ್ದಳು. ನಾನು ಮಕ್ಕಳಿಗೆ, ಗಂಡಸರಿಗೆ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುವವಳು. ನನ್ನ ಎಲೆಯ ಪಕ್ಕದಲ್ಲಿ ಯಾರಿಲ್ಲ ಎಂದು ನೋಡಲು ಯಾರಿದ್ದರು? ಒಂದು ಹುಡುಗಿಯ ಊಟ ಕಡಿಮೆಯಾಯಿತೆಂದು ನನಗೆ ಒಳಗೊಳಗೇ ಹಗುರವೂ ಆಗಿತ್ತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅವಳು ಬಡವಾದದ್ದು ಕಾಣಲಿಲ್ಲವೇ ಎಂದು ಕೇಳಬಹುದು. ಕಂಡಿತ್ತು. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು ಬರುತ್ತಿತ್ತು. ಭಾದ್ರಪದದ ಬಿಸಿಲಲ್ಲಿ ಕಂಬಳಿ ಹೊದ್ದು ಕೂಡುತ್ತಿದ್ದಳು. ಆದರೆ ಕೆಲಸ ಮಾತ್ರ ಒಂದಿಷ್ಟೂ ಬಿಟ್ಟವಳಲ್ಲ. ಮೊದಲಿಗಿಂತ ಹೆಚ್ಚೇ ಮಾಡುತ್ತಿದ್ದಳು. ಒಂದು ಸಲ ಒರೆಸಿದ ನೆಲವನ್ನು ಎರಡು ಸಲ ಒರೆಸುವಳು, ಬೆಟ್ಟದ ಮೆಟ್ಟಿಲು ಹತ್ತಿ ಗುಡಿಗೆ ದಿನಾ ಹೋಗಿಬರುವಳು. ಇನ್ನೊಂದು ವಿಷಯ. ತಿಂಗಳಿಗೆ ಮೂರು ದಿನ ನಾವು ಹೊರಗೆ ಕೂಡುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಶ್ರಾವಣದಿಂದ ಗಂಗೂ ಹೊರಗೆ ಕೂಡಲೇ ಇಲ್ಲ. ಬೇರೆ ಊರಿನಲ್ಲಾದರೆ ತಾಯಿ ಎದೆ ಒಡೆದುಕೊಳ್ಳುತ್ತಿದ್ದಳೋ ಏನೋ. ನಮ್ಮ ಕಾಶಕ್ಕ ದೇವರಿಗೆ ಕೈಮುಗಿದು, "ವ್ರತಕ್ಕ ಒಂದ ದಿನಾ ಅಡಚಣಿ ಬರಲಿಲ್ಲ, ಎಂಥಾ ಕೃಪಾ" ಎಂದರು. ನಾನೂ ಹೌದೆಂದೆ. ಇಂಥ ತಪ್ಪು ಮಾಡಲು ನಮ್ಮಷ್ಟು ಮಡಿವಂತರೇ ಆಗಬೇಕು.

ಮೊದಲು ಬಾಯಿ ಬಿಟ್ಟು ಹೇಳಿದವಳು ಚಿಕ್ಕನರಗುಂದದಿಂದ ಬೆಣ್ಣೆ, ಮೊಸರು ಹೊತ್ತು ತರುತ್ತಿದ್ದ ಫಕೀರವ್ವ. ದಸರೆಯ ಮುಂದಿನ ದಿನಗಳು. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಗಂಗೂಳನ್ನು ಬಹಳ ಹೊತ್ತು ನೋಡಿದಳು.

"ಸಣ್ಣವ್ವ ಯಾಕ್ರಿ ಹಿಂಗಾಗ್ಯಾಳ? ಮೊಣಕೈ ನೋಡ್ರಿ, ಬರೇ ಎಲುವು."

"ವ್ರತಾ ಹಿಡದಾಳ."

"ವ್ರತ ಬ್ಯಾರೆ, ಇದು ಬ್ಯಾರೆ ಐತ್ರಿ ಯವ್ವಾ. ನಮ್ಮ ಅಕ್ಕನ ಮಗಳೊಬ್ಬಾಕಿ ಹಿಂಗ ಹೊಟ್ಟಿ ಮ್ಯಾಲ ಸಿಟ್ಟ ಮಾಡ್ಕೊಂಡಿದ್ಲು. ಉಣ್ಣು ಅಂದ್ರ ಉಂಡೀನಿ ಅಂತಿದ್ಲು."

"ಏನಾತು ಆಕಿಗೆ?"

ಫಕೀರವ್ವ ತಲೆಯ ಮೇಲಿನ ಸಿಂಬೆ ಸರಿಮಾಡಿಕೊಂಡಳು. "ಹ್ವಾದ್ಲ್ರಿ" ಎಂದಷ್ಟೇ ಹೇಳಿ ಬುಟ್ಟಿ ಎತ್ತಿದಳು. ನಾನು ಆ ದಿನವೂ ಅದನ್ನು ಮೊಸರು ಮಾರುವವಳ ಮಾತು ಎಂದೇ ಬಿಟ್ಟೆ.

ನವೆಂಬರ ಒಂದನೆಯ ತಾರೀಖು ಕನ್ನಡ ನಾಡು ಒಂದಾಯಿತು. ದೀಪಾವಳಿಯೂ ಅದೇ ಹೊತ್ತಿಗೆ ಕೂಡಿಬಂದಿತ್ತು. ಶಾಲೆಯ ಮಕ್ಕಳು ಜಯಕಾರ ಹಾಕುತ್ತ ಓಣಿ ಓಣಿ ತಿರುಗಿದರು. ಯಜಮಾನರು ಕಚೇರಿಯಲ್ಲಿ ಹಂಚಿದ ಪೇಢೆಗಳನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದು ಎಲ್ಲರ ಕೈಗೂ ಇಟ್ಟರು. ಗಂಗೂ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬ್ಯಾಡ ಅಣ್ಣಾ. ಹಾಲಿಂದು."

ಕಾಶಕ್ಕ ಜಪ ಮಾಡುತ್ತ ಬಾಗಿಲಲ್ಲಿ ಕೂತಿದ್ದರು. ಮಣಿ ಎಣಿಸುವ ಕೈ ನಿಂತಿತು. ಪಂಚಾಂಗವನ್ನು ನೋಡದೆ ತಿಥಿ ಹೇಳುವವರು ಅವರು.

"ಹಾಲಿನ ವ್ರತಾ ಮುಗದು ಹದಿನೈದ ದಿನದ ಮ್ಯಾಲಾತು. ಈಗ ಬ್ಯಾಳಿ ಬಿಡೋ ತಿಂಗಳು. ಹಾಲು ಯಾಕ ಬ್ಯಾಡ?"

ಕಾಶಕ್ಕ ನನ್ನ ಕಡೆ ತಿರುಗಿದರು. "ಮೊಸರರೆ ಉಣ್ತಾಳೇನ ಈಕಿ?"

"ನನಗೇನ ಗೊತ್ತು? ನಿಮ್ಮ ಒಲಿ ಮ್ಯಾಲಿಂದ ಉಣ್ತಾಳಲ್ಲ" ಎಂದೆ.

"ನನ್ನ ಒಲಿ? ವೈನಿ ಜೋಡಿ ಉಣ್ತೀನಿ ಅಂತ ಎರಡ ತಿಂಗಳಾತು ನನ್ನ ಕಡೆ ಎಲಿ ಹಾಕಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲ ತಿಂಗಳು ಬಿಟ್ಟ ಕಾಯಿಪಲ್ಯವನ್ನು ಅವಳು ಮರಳಿ ತೆಗೆದುಕೊಂಡೇ ಇರಲಿಲ್ಲ. ಮೊಸರು ಬಿಟ್ಟವಳು ಬಿಟ್ಟೇ ಬಿಟ್ಟಿದ್ದಳು. ಹಾಲು ಹೋಯಿತು, ಬೇಳೆ ಹೋಯಿತು. ಉಳಿದದ್ದೇನು ಎಂದು ಹಿಡಿದು ಕೇಳಿದಾಗ, "ನೀರಾಗ ನೆನಸಿದ ಅವಲಕ್ಕಿ, ಎರಡ ಮುಟಗಿ" ಎಂದಳು, ಪಾಠ ಒಪ್ಪಿಸುವ ಹಾಗೆ.

ಆಮೇಲಿನ ಹನ್ನೆರಡು ದಿನ ನಾವು ಮಾಡದ ಉಪಾಯವಿಲ್ಲ. ಬೈದೆವು, ಅತ್ತೆವು, ಅತ್ತೆಯವರ ಆಣೆ ಹಾಕಿದೆವು. ಅವಳು ಕೂತು ಉಂಡಂತೆ ಮಾಡಿ ಎದ್ದುಹೋಗುತ್ತಿದ್ದಳು. ಒರಳುಕಲ್ಲಿನ ಹಿಂದೆ ಅನ್ನದ ಮುದ್ದೆ ಸಿಗುತ್ತಿತ್ತು. ದವಾಖಾನೆಯ ಡಾಕ್ಟರು ಬಂದು ನಾಡಿ ಹಿಡಿದು, ಕೆಂಪು ಔಷಧದ ಬಾಟಲಿ ಕೊಟ್ಟು, ಹೊರಗೆ ಬಂದು ಯಜಮಾನರಿಗೆ ಸಣ್ಣ ದನಿಯಲ್ಲಿ ಹೇಳಿದರು: "ಹೃದಯ ಭಾಳ ಹಗೂರ ಬಡೀಲಿಕ್ಹತ್ತೇದ. ಊಟ ಹೊಟ್ಟ್ಯಾಗ ನಿಲ್ಲಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ." ಅದನ್ನು ಕೇಳಿದಾಗ ನನಗೆ ಫಕೀರವ್ವ ಸಿಂಬೆ ಸರಿಮಾಡಿಕೊಂಡದ್ದು ನೆನಪಾಯಿತು.

ಕಾರ್ತಿಕದ ದ್ವಾದಶಿ ವ್ರತ ಬಿಡುವ ದಿನ. ಮಾವನವರಿಗೆ ಆ ದಿನದ ಮೇಲೆ ಬಹಳ ನಂಬಿಕೆ. ವ್ರತ ಮುಗಿಯಿತೆಂದರೆ ಮಗಳು ಉಣ್ಣಲೇಬೇಕಲ್ಲ! ಬೆಳಿಗ್ಗೆಯೇ ದೊಡ್ಡ ಬಾಳೆ ಎಲೆ ಹಾಕಿಸಿದರು. ಬಿಟ್ಟ ನಾಲ್ಕನ್ನೂ ನಾನು ಬಡಿಸಿದೆ: ಬದನೆಕಾಯಿ ಪಲ್ಯ, ಗಟ್ಟಿ ಮೊಸರು, ಹಾಲಿನ ಪಾಯಸ, ತೊವ್ವೆ. ಗಂಗೂ ಕೂತಳು. ತುತ್ತು ಕಲಸಿದಳು, ಎತ್ತಿದಳು, ಬಾಯಿಯ ಹತ್ತಿರ ತಂದಳು. ಕೈ ಅಲ್ಲೇ ನಿಂತಿತು. ಬಾಯಿ ತೆರೆಯಬೇಕೆಂದು ಅವಳು ಪಟ್ಟ ಕಷ್ಟವನ್ನು ನಾನು ಕಣ್ಣಾರೆ ಕಂಡೆ. ಅದು ಹಟವಲ್ಲ, ಅವಳಿಂದ ಆಗುತ್ತಿರಲಿಲ್ಲ. ತುತ್ತು ಎಲೆಯ ಮೇಲೆ ಬಿತ್ತು, ಅದರ ಹಿಂದೆಯೇ ಅವಳೂ ಪಕ್ಕಕ್ಕೆ ಬಿದ್ದಳು. ಎತ್ತಿ ನಡುಮನೆಯಲ್ಲಿ ಮಲಗಿಸಿದೆವು. ನಮ್ಮ ಮೂರು ವರ್ಷದ ಮಗಳನ್ನು ಎತ್ತಿದಷ್ಟೂ ಭಾರವಿರಲಿಲ್ಲ.

ಆ ಮಧ್ಯಾಹ್ನ ಕಾಶಕ್ಕ ತಮ್ಮ ಮಡಿಯನ್ನು ಗೂಟಕ್ಕೆ ಹಾಕಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದೆ. ಕಾಶಕ್ಕ ಅವಳ ಕೂದಲಿನ ಸಿಕ್ಕು ಬಿಡಿಸಿದರು. ಕೊನೆಗೆ, "ನಂಗ ಹದಿನಾರಕ್ಕ ಊರ ಮಂದಿ ಸಂಜಿ ಊಟ ಬಿಡಿಸಿದರು. ಹಸವಿ ಅಂದ್ರೇನಂತ ನಂಗ ಗೊತ್ತದ. ನಿನಗ ಯಾರ ಬಿಡಿಸ್ಯಾರ, ಹೇಳು" ಎಂದರು.

ಗಂಗೂ ಹೇಳಿದಳು. ಶ್ರಾದ್ಧದ ದಿನ ಪಾಯಸಕ್ಕೆ ಬೆಲ್ಲ ಹೆರೆಯುತ್ತಿದ್ದಾಗ ಒಂದು ಚೂರು ಬೆರಳಿಗೆ ಹತ್ತಿತ್ತು. ಹೊಟ್ಟೆ ಹಸಿದಿತ್ತು. ನೆಕ್ಕಿಬಿಟ್ಟಳು. ಅಷ್ಟೇ. "ನನ್ನ ಸಲುವಾಗಿ ಕಾಗಿ ಬರಲಿಲ್ಲ ಕಾಶಕ್ಕ. ಅವ್ವ ಎಲ್ಲಾರ್ನೂ ಉಂಡೇನು ಅಂತ ಕೇಳಾಕಿ, ಅವತ್ತ ಆಕಿನ ಹಸ್ಕೊಂಡ ಕೂತಳು. ಅಪ್ಪಾ ಕೇಳಿದಾಗ ನಾ ಬಾಯಿ ಬಿಡಲಿಲ್ಲ. ನನ್ನ ಹಸವೀನ ಕೆಟ್ಟದ್ದು. ಅದಕ್ಕ ಬುದ್ಧಿ ಕಲಿಸಬೇಕು ಅಂತ ವ್ರತಾ ಹಿಡದೆ. ಈಗ ಬಿಡಬೇಕಂದ್ರೂ ಬಿಡಲಿಕ್ಕೆ ಬರವಲ್ದು."

ನನ್ನ ಕೈಯಲ್ಲಿನ ಮೊರ ಜಾರಿ ಅಕ್ಕಿಯೆಲ್ಲ ಚೆಲ್ಲಿತು.

ಈಗ ನನ್ನ ಮಾತು ಹೇಳಬೇಕು. ಆ ದಿನ ಅವಳು ಬೆಲ್ಲದ ಚೂರು ನೆಕ್ಕಿರಬಹುದು. ನಾನು ವಡೆ ತಿಂದಿದ್ದೆ. ಒಂದಲ್ಲ, ಎರಡು. ಕೂಸಿಗೆ ಹಾಲು ಕುಡಿಸುವ ಹೊಟ್ಟೆ, ಬೆಳಗಿನ ನಾಲ್ಕರಿಂದ ಖಾಲಿ. ಎಣ್ಣೆಯಿಂದ ತೆಗೆದ ಬಿಸಿ ವಡೆಯನ್ನು ಗೋಡೆಯ ಕಡೆ ಮುಖ ಮಾಡಿ ನುಂಗಿಬಿಟ್ಟಿದ್ದೆ. ಮಾವನವರು ಕೇಳಿದಾಗ ಮುಖದ ಗೆರೆ ಅಲ್ಲಾಡದಂತೆ "ಇಲ್ರಿ" ಎಂದಿದ್ದೆ. ನನಗೆ ಆ ರಾತ್ರಿಯೂ ನಿದ್ದೆ ಚೆನ್ನಾಗಿಯೇ ಬಂದಿತ್ತು. ಅದೇ ತಪ್ಪು ಇವಳ ಮೈಯಲ್ಲಿ ಐದು ತಿಂಗಳು ಕೂತು ಮಾಂಸ ತಿಂದಿತ್ತು.

ಒಳಗೆ ಹೋಗಿ ಹೇಳಿದೆ. ಗಂಗೂ ನನ್ನ ಕೈ ಹಿಡಿದುಕೊಂಡು, "ನೀವು ನನ್ನ ಸಮಾಧಾನಕ್ಕ ಅಂತೀರಿ ವೈನಿ. ಭಾಳ ಚಲೋ ಮನಸ್ಸು ನಿಮ್ಮದು" ಎಂದಳು. ಜೀವನದಲ್ಲಿ ಒಂದು ಸಲ ಪೂರ್ತಿ ಖರೆ ಹೇಳಿದೆ, ಅದನ್ನು ಯಾರೂ ನಂಬಲಿಲ್ಲ.

ಹಾಗಾದರೆ ಇನ್ನೊಂದೇ ದಾರಿ. ಮರುದಿನ ಮಾವನವರು ಪೂಜೆ ಮುಗಿಸಿ ಎದ್ದಾಗ, ಗಂಗೂಗೆ ಕೇಳುವ ಹಾಗೆ ನಡುಮನೆಯ ಹೊಸ್ತಿಲಲ್ಲೇ ನಿಂತು ಹೇಳಿದೆ. ಈ ಮನೆಯಲ್ಲಿ ಬಾಳುವೆ ಮಾಡಬೇಕಾದವಳು ನಾನು; ಮಾವನವರು ತವರಿಗೆ ಕಳಿಸಿಬಿಟ್ಟರೆ ಎರಡು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

"ಶ್ರಾದ್ಧದ ದಿವಸ ನಾನು ಎರಡು ವಡಿ ತಿಂದಿದ್ದೆ. ನೀವು ಕೇಳಿದಾಗ ಸುಳ್ಳ ಹೇಳಿದೆ."

ಅವರು ಕೈಯಲ್ಲಿದ್ದ ತೀರ್ಥದ ಪಾತ್ರೆಯನ್ನು ಕೆಳಗಿಟ್ಟರು. ಆಮೇಲೆ, "ನನ್ನ ಹೆಂಡತಿ ಹಸ್ಕೊಂಡಿದ್ದು ನಿನ್ನಿಂದ?" ಎಂದು ಒಂದೇ ಮಾತು. ಮೂರು ದಿನ ನನ್ನ ಕೈಯ ನೀರು ಮುಟ್ಟಲಿಲ್ಲ. ಯಜಮಾನರು ನನ್ನ ಕಡೆ ನೋಡಲಿಲ್ಲ. ಪ್ರಾಯಶ್ಚಿತ್ತಕ್ಕೆ ಪಂಚಗವ್ಯ ಕುಡಿಸಬೇಕೆಂದು ಅಪ್ಪಣೆಯಾಯಿತು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸಗಣಿ, ಐದನ್ನೂ ಕಾಶಕ್ಕ ಸರಿಸಮ ಹಾಕಿ ಕಲಸಿ ಕೊಟ್ಟರು. ಅದರ ರುಚಿ ಇವತ್ತಿಗೂ ನಾಲಿಗೆ ಬಿಟ್ಟು ಹೋಗಿಲ್ಲ. ಗಂಗೂ ಹಾಸಿಗೆಯಲ್ಲಿ ಮೊಣಕೈಯೂರಿ ಎದ್ದು ಅದನ್ನೆಲ್ಲ ನೋಡಿದಳು. ನನ್ನ ಮಾತು ನಂಬದವಳು ನನಗಾದ ಶಿಕ್ಷೆಯನ್ನು ನಂಬಿದಳು. ಅವಳ ಸ್ವಭಾವವೇ ಹಾಗೆ.

"ಹಂಗಾದ್ರ ನಂಗೂ ಕೊಡ್ರಿ" ಎಂದಳು. "ಬೆಲ್ಲ ತಿಂದದ್ದು ಖರೇ ಅದ."

ಕಾಶಕ್ಕ ಒಂದು ಕ್ಷಣ ಅವಳನ್ನೇ ನೋಡಿ ಹಿತ್ತಿಲ ಖೋಲಿಗೆ ಹೋದರು. ನಾನು ಹಿಂದೆ ಹೋದೆ. ದೊಡ್ಡ ಬೆಳ್ಳಿ ಲೋಟದಲ್ಲಿ ಮುಕ್ಕಾಲು ಹಾಲು, ಅದರ ಮೇಲೆ ಎರಡು ಸೌಟು ಮೊಸರು, ಕರಗಿದ ತುಪ್ಪ ಧಾರೆಯಾಗಿ. ಉಳಿದ ಎರಡರದು ದರ್ಭೆಯ ತುದಿಯಿಂದ ಒಂದೊಂದು ಹನಿ ಮುಟ್ಟಿಸಿದರು, ಹೆಸರಿಗೆ. ನನ್ನ ಕಡೆ ತಿರುಗಿ, "ತುಟಿ ಹೊಲಕೊಂಡ ಇರು" ಎಂದರು.

ನಡುಮನೆಗೆ ಬಂದು ಗಂಗೂ ಕೈಗೆ ಕೊಟ್ಟು ಗಟ್ಟಿಯಾಗಿ ಹೇಳಿದರು: "ಇದು ಊಟ ಅಲ್ಲ, ಪ್ರಾಯಶ್ಚಿತ್ತ. ಇಪ್ಪತ್ತೊಂದ ದಿವಸ. ಒಂದ ಹನಿ ಚೆಲ್ಲಿದ್ರ ಮೊದಲಿಂದ ಎಣಸಬೇಕಾಗ್ತದ."

ಅವಳು ಕುಡಿದಳು. ಕಣ್ಣು ಮುಚ್ಚಿ, ಕಾಲು ಗಂಟೆ ತೆಗೆದುಕೊಂಡು, ಒಂದು ಹನಿ ಚೆಲ್ಲದೆ ಕುಡಿದಳು. ಅಡುಗೆಮನೆಯ ಕತ್ತಲಲ್ಲಿ ನಾನು ಬಾಯಿಗೆ ಸೆರಗು ಒತ್ತಿ ಅತ್ತೆ. ನಲವತ್ತು ವರ್ಷ ಶಾಸ್ತ್ರದ ಒಂದು ಅಕ್ಷರ ತಪ್ಪದ ಕಾಶಕ್ಕ ಶಾಸ್ತ್ರಕ್ಕೇ ಕೈ ಹಾಕಿ ಹುಡುಗಿಯನ್ನು ಎಳೆದು ತಂದಿದ್ದರು.

ಅಲ್ಲಿಗೆ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಇಪ್ಪತ್ತೊಂದು ದಿನವಾದ ಮೇಲೆ ಕಾಶಕ್ಕ, ಇದರ ಮೇಲೆ ಅನ್ನ ಬೀಳದಿದ್ದರೆ ಫಲವಿಲ್ಲ ಎಂದು ಇನ್ನೊಂದು ನಿಯಮ ತಂದರು. ಮೊದಲು ಮೂರು ತುತ್ತು, ಆಮೇಲೆ ಐದು. ಕೆಲವು ದಿನ ಉಂಡದ್ದು ನಿಲ್ಲುತ್ತಿತ್ತು, ಕೆಲವು ದಿನ ಒರಳುಕಲ್ಲಿನ ಹಿಂದೆ ಮತ್ತೆ ಸಿಗುತ್ತಿತ್ತು. ಸಂಜೆಯ ಊಟಕ್ಕೆ ಅವಳು ಒಲ್ಲೆನೆಂದಾಗ ಕಾಶಕ್ಕ ತಮ್ಮ ಎಲೆಯನ್ನೂ ಹಾಕಿಕೊಂಡು ಕೂತರು. ವಿಧವೆ ಹೆಂಗಸು, ದೀಪ ಹಚ್ಚಿದ ಮೇಲೆ ಅನ್ನ! "ನೀ ಉಂಡರ ನಾ ಉಣ್ತೀನಿ, ನೀ ಬಿಟ್ಟರ ನಾ ಬಿಡ್ತೀನಿ. ಪಾಪ ಬಂದ್ರ ಅರ್ಧಾ ಅರ್ಧಾ" ಎಂದರು. ಮಾವನವರು ಅದನ್ನು ಕಂಡು ಬಡಿಗೆ ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ಅವರೂ ಸೋತಿದ್ದರು. ನಾವೆಲ್ಲರೂ ಸೋತಿದ್ದೆವು. ದಿನಾ ಎರಡು ಹೊತ್ತು ಒಬ್ಬ ಹುಡುಗಿಯ ಗಂಟಲನ್ನೇ ನೋಡುತ್ತ ಕೂಡುವುದೆಂದರೆ ಹೊಲದ ಕೆಲಸಕ್ಕಿಂತ ದಣಿವು. ಚೈತ್ರದಲ್ಲಿ ಒಂದು ಬೆಳಿಗ್ಗೆ ಅವಳು ಹೊರಗೆ ಕೂತಳು. ಕಾಶಕ್ಕ ಈ ಸಲ ಅದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಎರಡು ವರ್ಷ ಕಾದ ಗಜೇಂದ್ರಗಡದವರಿಗೇ ಅವಳನ್ನು ಕೊಟ್ಟೆವು. ಕಳಿಸುವಾಗ ಅವಳ ಅತ್ತೆಯನ್ನು ಬದಿಗೆ ಕರೆದು ಹೇಳಿದೆ, "ವ್ರತಾ ಅಂದ್ರ ಒಪ್ಪಬ್ಯಾಡ್ರಿ. ಎದುರಿಗೆ ಕೂಡಿಸ್ಕೊಂಡು ಉಣಸ್ರಿ." ಆಕೆ ನನ್ನನ್ನು ಅಧರ್ಮಿಯಂತೆ ನೋಡಿದರು. ನೋಡಲಿ.

ಆದರೆ ಮನೆಯಲ್ಲಿ ನಡೆದ ಇನ್ನೊಂದು ಶ್ರಾದ್ಧದ ಸಂಗತಿ ಹೇಳದೆ ಮುಗಿಸಲಾರೆ. ಐವತ್ತೇಳರ ಜ್ಯೇಷ್ಠ, ಅತ್ತೆಯವರ ಎರಡನೆಯ ಶ್ರಾದ್ಧ. ಗಂಗೂಗೆ ಅನ್ನ ಹೊಟ್ಟೆಯಲ್ಲಿ ನಿಲ್ಲತೊಡಗಿ ಕೆಲವೇ ತಿಂಗಳಾಗಿತ್ತು. ಆ ದಿನ ಹತ್ತಿರ ಬಂದಂತೆ ಮತ್ತೆ ತುತ್ತು ಕಡಿಮೆ ಮಾಡತೊಡಗಿದ್ದಳು. ಈ ಸಲವೂ ಕಾಗೆ ಬರದಿದ್ದರೆ ಈ ಹುಡುಗಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಎಣ್ಣೆಯಿಂದ ಮೊದಲ ವಡೆ ತೆಗೆದೆ. ಕಾಶಕ್ಕ ಬಂದು ಅಡುಗೆಮನೆಯ ಬಾಗಿಲು ಹಾಕಿ, ಆ ವಡೆಯನ್ನು ಎತ್ತಿ ಮೂರು ಚೂರು ಮಾಡಿದರು. ಒಂದನ್ನು ನನ್ನ ಕೈಗಿಟ್ಟರು, ಒಂದನ್ನು ಗಂಗೂ ಕೈಗೆ. ಮೂರನೆಯದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಕಾಶಕ್ಕಾ!" ಎಂದಳು ಗಂಗೂ.

"ನನ್ನ ಗಂಡನ ಶ್ರಾದ್ಧಕ್ಕ ನಲವತ್ತ ವರ್ಷ ಹಿಂಗ ತಿಂದೀನಿ. ಹಸ್ತಿದ್ದೆ, ತಿಂದೆ. ತಿನ್ನು."

ಅದು ಖರೆಯೋ, ಹುಡುಗಿಗಾಗಿ ಆಡಿದ ಮಾತೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ನನ್ನ ಚೂರು ತಿಂದೆ. ಗಂಗೂ ತನ್ನದನ್ನು ಬಾಯಿಗೆ ಹಾಕಿಕೊಂಡಳು, ಆದರೆ ನುಂಗಲಿಲ್ಲ. ಕೆನ್ನೆಯಲ್ಲಿ ಹಾಗೇ ಇಟ್ಟುಕೊಂಡು ಅಡುಗೆ ಮಾಡಿದಳು, ಎಲೆ ಹಾಕಿದಳು, ಬ್ರಾಹ್ಮಣರಿಗೆ ನೀರು ಕೊಟ್ಟಳು. ಯಾರು ಏನು ಕೇಳಿದರೂ ತಲೆ ಮಾತ್ರ ಅಲ್ಲಾಡಿಸಿದಳು.

ಮಾವನವರು ಮಾಳಿಗೆ ಹತ್ತಿ ಪಿಂಡ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ಕೈಮುಗಿದರು. ನಾವು ಮೂವರೂ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದೆವು. ಗಂಗೂ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಬೇವಿನ ಮರದಿಂದ ಒಂದು ಕಾಗೆ ಎದ್ದಿತು, ಮಾಳಿಗೆಯ ಅಂಚಿಗೆ ಕೂತಿತು, ಕತ್ತು ಓರೆ ಮಾಡಿ ನಮ್ಮನ್ನೇ ನೋಡಿತು. ಆಮೇಲೆ ಪಿಂಡಕ್ಕೆ ಬಾಯಿ ಹಾಕಿತು. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು.

"ಉಂಡಳು" ಎಂದರು ಮಾವನವರು ಮೇಲಿನಿಂದ.

ಆಗ ಗಂಗೂ ಬಾಯಲ್ಲಿದ್ದುದನ್ನು ನುಂಗಿದಳು.